ಬೀದರ್ ಮದ್ರಸದ 36 ಕೋಣೆಗಳು

ಬೀದರಿನ ಮಹಮೂದ್ ಗವಾನ್ ಮದ್ರಸಕ್ಕೆ ಹೋದವರೆಲ್ಲ ಮೊದಲು ತಲೆಯೆತ್ತಿ ಅದರ ಮಿನಾರನ್ನು ನೋಡುತ್ತಾರೆ. ಗೋಡೆಯಲ್ಲಿ ಉಳಿದಿರುವ ಬಣ್ಣದ ಟೈಲ್ಸ್‌ಗಳನ್ನೂ ಕುರ್‌ಆನ್ ಲಿಪಿಯ ಅಂದವನ್ನೂ ಕಂಡು ಬೆರಗಾಗುತ್ತಾರೆ. ಒಳಗಿನ ಪುಟ್ಟ ಕೋಣೆಗಳ ಮುಂದೆ ನಿಲ್ಲುವವರು ಕಡಿಮೆ. ಆದರೆ ಈ ಕಟ್ಟಡದ ಕಥೆ ಇರುವುದೇ ಆ ಕೋಣೆಗಳಲ್ಲಿ.

ಪರವೂರಿನಿಂದ ಕಲಿಯಲು ಬಂದವನಿಗೆ ಸೂರು ಕೊಡುವ ಪದ್ಧತಿ ನಮ್ಮಲ್ಲಿ ಮದೀನಾದಿಂದಲೇ ಶುರುವಾಯಿತು. ಪ್ರವಾದಿ(ಸ)ಯವರ ಮಸೀದಿಗೆ ಸೇರಿದಂತೆ ಸುಫ್ಫಾ ಎಂಬ ನೆರಳಿನ ಜಗಲಿಯಿತ್ತು. ಮನೆಮಠವಿಲ್ಲದ ಬಡ ಸಹಾಬಿಗಳು ಅಲ್ಲೇ ಉಳಿದು ಕಲಿಯುತ್ತಿದ್ದರು. ಅತಿ ಹೆಚ್ಚು ಹದೀಸ್‌ಗಳನ್ನು ನಮಗೆ ತಲುಪಿಸಿದ ಅಬೂ ಹುರೈರಾ(ರ) ಅವರೂ ಆ ಜಗಲಿಯ ವಿದ್ಯಾರ್ಥಿಯೇ. ಅವರ ಹೊಟ್ಟೆಯ ಚಿಂತೆಯನ್ನು ಊರಿನವರು ತಮ್ಮದಾಗಿಸಿಕೊಂಡಿದ್ದರು.

ಅದೇ ಪರಂಪರೆ 15ನೇ ಶತಮಾನದಲ್ಲಿ ನಮ್ಮ ಕನ್ನಡ ನೆಲದಲ್ಲಿ ಕಲ್ಲುಗಾರೆಯ ರೂಪ ಪಡೆಯಿತು. ಇರಾನಿನ ಗೀಲಾನ್ ಪ್ರಾಂತ್ಯದ ಮಹಮೂದ್ ಗವಾನ್ ವ್ಯಾಪಾರಿಯಾಗಿ ಬೀದರಿಗೆ ಬಂದಾಗ ನಲವತ್ತು ದಾಟಿದ್ದರು. ಬೀದರಿನ ಜ್ಞಾನಿಗಳನ್ನು ಕಾಣುವ ಆಸೆಯೂ ಅವರನ್ನು ಎಳೆದು ತಂದಿತ್ತು. ಮುಂದೆ ಬಹಮನಿ ರಾಜ್ಯದ ವಜೀರರಾದರು. 1472ರಲ್ಲಿ ಅವರ ಮದ್ರಸ ಸಿದ್ಧವಾಯಿತು. ಸುಮಾರು 205 ಅಡಿ ಉದ್ದ, 180 ಅಡಿ ಅಗಲ, ಮೂರು ಅಂತಸ್ತು, ನಡುವೆ ವಿಶಾಲ ಅಂಗಳ. ಮಸೀದಿ, ಪಾಠದ ಹಜಾರಗಳು, 3,000 ಹಸ್ತಪ್ರತಿಗಳಿದ್ದ ಗ್ರಂಥಾಲಯ. ಇವುಗಳ ಜೊತೆಗೆ ವಿದ್ಯಾರ್ಥಿಗಳಿಗೆಂದು 36 ಕೋಣೆಗಳು, ಗುರುಗಳಿಗೆ ಪ್ರತ್ಯೇಕ ವಸತಿ.

ದೂರದ ನಾಡುಗಳಿಂದ ವಿದ್ವಾಂಸರು ಬಂದು ಇಲ್ಲಿ ಪಾಠ ಹೇಳಿದರು. ದೀನೀ ವಿದ್ಯೆಯೊಂದಿಗೆ ಅರಬಿ, ಫಾರಸಿ, ಗಣಿತ, ಖಗೋಳ, ತತ್ವಶಾಸ್ತ್ರಗಳ ಬೋಧನೆಯೂ ಇತ್ತು. ಕಲಿಯುವವನು ಊಟಕ್ಕೂ ವಸತಿಗೂ ಹಣ ತೆರಬೇಕಿರಲಿಲ್ಲ. ಆ ಹುಡುಗರ ದಿನವನ್ನು ಊಹಿಸುವುದು ಕಷ್ಟವಲ್ಲ. ಕೋಣೆಯಿಂದ ಕೆಳಗಿಳಿದರೆ ಮಸೀದಿ, ಅಂಗಳ ದಾಟಿದರೆ ಪಾಠ, ಪಾಠ ಮುಗಿದರೆ ಪುಸ್ತಕ. ನಾಳೆ ಎಲ್ಲಿ ಮಲಗುವುದು ಎಂಬ ಚಿಂತೆ ಇಲ್ಲದಿದ್ದರೆ ಮನಸ್ಸು ಓದಿನಲ್ಲಿ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿದವರ ಸ್ವಂತ ಬದುಕು ತೀರ ಸರಳವಾಗಿತ್ತು. ಅಸೂಯೆಪಟ್ಟವರು ಸೃಷ್ಟಿಸಿದ ನಕಲಿ ಪತ್ರವನ್ನು ನಂಬಿ ಸುಲ್ತಾನ ಮೂರನೇ ಮುಹಮ್ಮದ್ ಷಾ 1481ರಲ್ಲಿ ಅವರ ಕೊಲೆಗೆ ಆಜ್ಞೆ ಕೊಟ್ಟ. ಆಮೇಲೆ ಅವರ ಖಜಾನೆ ತೆರೆದರೆ ಸಿಕ್ಕಿದ್ದು ಅತ್ಯಲ್ಪ. ತಮ್ಮ ಊಟದ ಖರ್ಚನ್ನು ವ್ಯಾಪಾರದ ಲಾಭದಲ್ಲಿ ನೀಗಿಸಿಕೊಂಡು ಉಳಿದುದನ್ನು ಬಡವರಿಗೂ ವಿದ್ವಾಂಸರಿಗೂ ಹಂಚುತ್ತಿದ್ದರೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಸುಲ್ತಾನ ಮರುವರ್ಷವೇ ತೀರಿಕೊಂಡ. ರಾಜ್ಯ ಐದು ಚೂರಾಯಿತು. ಮದ್ರಸ ಮಾತ್ರ ಅವರೆಲ್ಲರಿಗಿಂತ ಹೆಚ್ಚು ಬಾಳಿತು. 1657ರಲ್ಲಿ ಬೀದರ್ ಮೊಘಲರ ವಶವಾದ ಮೇಲೆ ಇದೇ ಕಟ್ಟಡದಲ್ಲಿ ಸಿಡಿಮದ್ದು ತುಂಬಿಟ್ಟರು. ಆ ಶತಮಾನದ ಕೊನೆಯ ದಶಕದಲ್ಲಿ ಅದು ಸ್ಫೋಟಿಸಿ ಒಂದು ಮಿನಾರೂ ಮುಂಭಾಗದ ದೊಡ್ಡ ಪಾಲೂ ಕುಸಿದವು. ಪುಸ್ತಕವಿದ್ದ ಜಾಗಕ್ಕೆ ಸಿಡಿಮದ್ದು ಬಂದರೆ ಏನಾಗುತ್ತದೆ ಎಂಬುದಕ್ಕೆ ಆ ಮುರಿದ ಗೋಡೆಯೇ ಸಾಕ್ಷಿ.

ಅಂದು ಕಲಿಯುವವರು ಬೀದರಿಗೆ ಬರುತ್ತಿದ್ದರು. ಇಂದು ಬೀದರಿನ ಮಕ್ಕಳು ಸುಮಾರು 700 ಕಿ.ಮೀ. ಪ್ರಯಾಣ ಮಾಡಿ ನಮ್ಮ ಪಶ್ಚಿಮ ಬೆಂಗಳೂರಿಗೆ ಬರುತ್ತಾರೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯ 1973ರಲ್ಲಿ ಜ್ಞಾನಭಾರತಿಯ ಸಾವಿರ ಎಕರೆಗೂ ಮೀರಿದ ಆವರಣಕ್ಕೆ ಬಂತು. ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ, ಮೈಸೂರು ರಸ್ತೆಯಲ್ಲಿ ಆರ್.ವಿ. ಇಂಜಿನಿಯರಿಂಗ್ ಕಾಲೇಜು ಇವೆ. 2021ರಿಂದ ಕೆಂಗೇರಿಗೆ ಮೆಟ್ರೊ ಓಡುತ್ತಿದೆ. ವಿಜಯನಗರದಿಂದ ಕೆಂಗೇರಿಯವರೆಗೆ ನಾವು ಬದುಕುತ್ತಿರುವುದು ಒಂದು ವಿದ್ಯಾನಗರಿಯಲ್ಲಿ.

ಸೀಟು ಸಿಕ್ಕಿದರೂ ಹಾಸ್ಟೆಲ್ ಎಲ್ಲರಿಗೂ ಸಿಗುವುದಿಲ್ಲ. ಬಾಡಿಗೆ ಬೋರ್ಡ್ ನೋಡಿ ಗೇಟು ತಟ್ಟಿದರೆ 'ಬ್ಯಾಚುಲರ್ಸ್‌ಗೆ ಕೊಡುವುದಿಲ್ಲ' ಎಂಬ ಉತ್ತರ. ಕೊಡುವವರು ಕೇಳುವ ಅಡ್ವಾನ್ಸ್ ಕೂಲಿ ಮಾಡುವ ತಂದೆಯ ಕೈಗೆ ಎಟುಕದು. ಹೆಣ್ಣುಮಕ್ಕಳ ಓದು ಎಷ್ಟೋ ಸಲ 'ಎಲ್ಲಿ ಉಳಿಯುತ್ತಾಳೆ?' ಎಂಬ ಒಂದೇ ಪ್ರಶ್ನೆಗೆ ನಿಂತುಹೋಗುತ್ತದೆ.

ಈ ಪ್ರಶ್ನೆಗೆ ಈ ನಾಡು ಹಿಂದೆಯೂ ಉತ್ತರ ಕೊಟ್ಟಿದೆ. ಹಿಂದಿನ ಬೆಂಗಳೂರು, ಮೈಸೂರುಗಳಲ್ಲಿ ಬಡ ಹುಡುಗರು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ವಾರಾನ್ನ ಉಂಡು ಓದಿದರು. ವ್ಯಾಪಾರದಲ್ಲಿ ಗಳಿಸಿದ್ದನ್ನು ಗುಬ್ಬಿ ತೋಟದಪ್ಪನವರು ಛತ್ರಕ್ಕೂ ಉಚಿತ ವಿದ್ಯಾರ್ಥಿನಿಲಯಕ್ಕೂ ಕೊಟ್ಟರು. ಸಿದ್ಧಗಂಗಾ ಮಠ ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಡುತ್ತಾ ಬಂದಿದೆ. ಒಳ್ಳೆಯ ಕೆಲಸದಲ್ಲಿ ಪೈಪೋಟಿ ಮಾಡಬೇಕೆಂಬುದು ನಮ್ಮ ದೀನಿನ ಬೋಧನೆ. ಆ ಪೈಪೋಟಿಗೆ ಇದಕ್ಕಿಂತ ಒಳ್ಳೆಯ ಮೈದಾನ ಬೇರೆಲ್ಲಿದೆ?

ಗವಾನರಂತೆ ಮೂರಂತಸ್ತಿನ ಮದ್ರಸ ಕಟ್ಟಿಸುವ ಶಕ್ತಿ ನಮ್ಮಲ್ಲಿ ಬಹಳ ಮಂದಿಗಿಲ್ಲ. 36 ಕೋಣೆಗಳಲ್ಲಿ ಒಂದನ್ನು ಕೊಡುವ ಶಕ್ತಿ ಹಲವರಿಗಿದೆ. ಮನೆಯ ಮೇಲೊಂದು ರೂಮು ಇರುವವರು ಪರವೂರಿನ ವಿದ್ಯಾರ್ಥಿಗೆ ಕೈಗೆಟುಕುವ ಬಾಡಿಗೆಗೆ ಕೊಡಲಿ. ಮಸೀದಿ ಕಮಿಟಿಗಳು ಮೊಹಲ್ಲಾದ ನಾಲ್ಕು ಮನೆಗಳನ್ನು ಕೂಡಿಸಿ ಒಬ್ಬ ಹುಡುಗನ ಊಟದ ಹೊಣೆ ಹೊರಲಿ. ಹೆಣ್ಣುಮಕ್ಕಳಿಗೆ ನೆಮ್ಮದಿಯ ವಸತಿ ಹುಡುಕಿಕೊಡುವ ಕೆಲಸಕ್ಕೆ ನಮ್ಮ ಸಹೋದರಿಯರು ಮುಂದಾಗಲಿ. ಬಂದವರು ಯಾವ ಧರ್ಮದವರೇ ಇರಲಿ, ವಿದ್ಯೆ ಅರಸಿ ಬಂದವರು ನಮ್ಮ ಅತಿಥಿಗಳು.

ಅಲ್ಲಾಹನು ನಮ್ಮ ಮನೆಗಳ ಬಾಗಿಲುಗಳನ್ನು ವಿದ್ಯಾರ್ಥಿಗಳಿಗೆ ತೆರೆದಿಡುವ ತೌಫೀಕ್ ನಮಗೆಲ್ಲ ನೀಡಲಿ. ಆಮೀನ್.