ರದ್ದತಿಯ ನಂತರ ಏನು?

1989ರ ಆಗಸ್ಟ್ 17ರಂದು ಅಮೆರಿಕದ ಷಿಕಾಗೊ ನಗರದ ಬೀದಿಯೊಂದರಲ್ಲಿ ವೃದ್ಧರ ಗುಂಪೊಂದು ಒಂದು ಕಾರನ್ನು ಸುತ್ತುವರಿದು ನಿಂತಿತು. ಕೆಲವರು ಕೈಯಲ್ಲಿದ್ದ ಫಲಕಗಳಿಂದ ಕಾರನ್ನು ಬಡಿದರು. ವಯಸ್ಸಾದ ಮಹಿಳೆಯೊಬ್ಬರು ಅದರ ಮುಂಭಾಗದ ಮೇಲೆಯೇ ಏರಿ ದಾರಿಗಡ್ಡವಾದರು. ಒಳಗೆ ಕುಳಿತಿದ್ದವರು ಸಾಮಾನ್ಯ ವ್ಯಕ್ತಿಯಲ್ಲ. ಸಂಸತ್ತಿನ ಪ್ರತಿನಿಧಿ ಸಭೆಯಲ್ಲಿ ತೆರಿಗೆಯ ಮಸೂದೆಗಳನ್ನು ರೂಪಿಸುವ ಪ್ರಬಲ ಸಮಿತಿಯ ಅಧ್ಯಕ್ಷರಾಗಿದ್ದ ಡ್ಯಾನ್ ರಾಸ್ಟೆನ್‌ಕೌಸ್ಕಿ. ಅವರು ಕೊನೆಗೆ ಕಾರಿನಿಂದಿಳಿದು, ಪೆಟ್ರೋಲ್ ಬಂಕೊಂದರ ಅಂಗಳವನ್ನು ಹಾದು ಓಡಬೇಕಾಯಿತು.

ಪ್ರಿಯ ಓದುಗರೇ, ಆ ಹಿರಿಯರ ಕೋಪ ಯಾವುದರ ಮೇಲಿತ್ತು ಎಂದು ಕೇಳಿದರೆ ನಿಮಗೆ ಅಚ್ಚರಿಯಾದೀತು. ಅವರಿಗೆ ಒಳಿತಾಗಲೆಂದೇ ಮಾಡಿದ್ದ ಆರೋಗ್ಯ ವಿಮೆಯ ಕಾನೂನಿನ ಮೇಲೆ! ವೃದ್ಧರ ಸರ್ಕಾರಿ ವಿಮೆಯಾದ ‘ಮೆಡಿಕೇರ್’ ದೀರ್ಘಕಾಲದ ಆಸ್ಪತ್ರೆ ವಾಸದ ಪೂರ್ಣ ವೆಚ್ಚವನ್ನು ಭರಿಸುತ್ತಿರಲಿಲ್ಲ. ಮನೆಯಲ್ಲಿ ಸೇವಿಸುವ ಔಷಧಿಗಳಿಗೂ ಅದರಲ್ಲಿ ಅವಕಾಶವಿರಲಿಲ್ಲ. ಈ ಎರಡು ಕೊರತೆಗಳನ್ನು ನೀಗಿಸಲು 1988ರ ಜುಲೈ 1ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಹೊಸ ಕಾನೂನಿಗೆ ಸಹಿ ಹಾಕಿದರು. ಎರಡೂ ಪಕ್ಷಗಳವರು ಅದನ್ನು ಬೆಂಬಲಿಸಿದ್ದರು. ಆದರೆ ಅದರ ವೆಚ್ಚವನ್ನು ವೃದ್ಧರಿಂದಲೇ ಸಂಗ್ರಹಿಸಬೇಕೆಂದು ನಿರ್ಧಾರವಾಗಿತ್ತು. ಅನುಕೂಲಸ್ಥರು ವರ್ಷಕ್ಕೆ 800 ಡಾಲರ್‌ವರೆಗೆ ಹೆಚ್ಚುವರಿ ಶುಲ್ಕ ತೆರಬೇಕಿತ್ತು. ಅಷ್ಟನ್ನು ತೆರಬೇಕಾದವರು ಕೆಲವರೇ. ಆದರೂ ಅಂಚೆಯ ಮೂಲಕ ಮನೆಮನೆಗೆ ಬಂದ ಪ್ರಚಾರಪತ್ರಗಳನ್ನು ಓದಿ, ಒಂದು ಡಾಲರ್ ಕೂಡ ಹೆಚ್ಚುವರಿ ಕೊಡಬೇಕಿಲ್ಲದ ಬಡ ವೃದ್ಧರು ಸಹ ತಮ್ಮ ಪಾಲಿಗೂ 800 ಡಾಲರ್ ಬಿತ್ತೆಂದು ನಂಬಿದರು. ಶುಲ್ಕ ಮೊದಲು ಬಂದಿತ್ತು, ಔಷಧಿಯ ಸೌಲಭ್ಯ ಇನ್ನೂ ಬರಬೇಕಿತ್ತು. 1989 ಮುಗಿಯುವುದರೊಳಗೆ ಅದೇ ಸಂಸತ್ತು ಆ ಕಾನೂನನ್ನು ರದ್ದುಗೊಳಿಸಿತು.

ಅದರ ಬದಲಿಗೆ ಏನು ಬಂತು? ಏನೂ ಬರಲಿಲ್ಲ. ಮೆಡಿಕೇರ್‌ನಲ್ಲಿ ಔಷಧಿಯ ಸೌಲಭ್ಯಕ್ಕೆ ಮತ್ತೊಂದು ಕಾನೂನಾದದ್ದು 2003ರಲ್ಲಿ. ಅದು ಜಾರಿಗೆ ಬಂದದ್ದು 2006ರಲ್ಲಿ. ಷಿಕಾಗೊದ ಆ ಬೀದಿಯಲ್ಲಿ ನಿಂತಿದ್ದವರಲ್ಲಿ ಎಷ್ಟು ಮಂದಿ ಅಷ್ಟರವರೆಗೆ ಬದುಕಿದ್ದರೋ!

ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ರಾಜಕಾರಣವನ್ನು ಅಲುಗಾಡಿಸಿದ ‘ರದ್ದುಗೊಳಿಸಿ, ಬದಲಿ ತರುತ್ತೇವೆ’ ಎಂಬ ಘೋಷಣೆಯನ್ನು ಅರಿಯಬೇಕಾದರೆ ಈ ಮರೆತ ಪ್ರಸಂಗವನ್ನು ನೆನಪಿನಲ್ಲಿಡುವುದು ಒಳ್ಳೆಯದು. ನಿಮ್ಮಲ್ಲಿ ಕೆಲವರ ಮಕ್ಕಳು ಆ ದೇಶದ ಆಸ್ಪತ್ರೆಗಳಲ್ಲಿ ದಾದಿಯರಾಗಿಯೋ ವೈದ್ಯರಾಗಿಯೋ ದುಡಿಯುತ್ತಿರಬಹುದು. ಅವರಿಗೆ ಇದು ದೂರದ ಸುದ್ದಿಯಲ್ಲ.

ಇಷ್ಟು ಸಿರಿವಂತ ದೇಶದಲ್ಲಿ ಎಲ್ಲ ಪ್ರಜೆಗಳಿಗೂ ಆರೋಗ್ಯ ವಿಮೆ ಏಕಿಲ್ಲ ಎಂಬ ಪ್ರಶ್ನೆ ಸಹಜ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಸರ್ಕಾರ ಕೂಲಿ ಸಂಬಳಗಳ ಏರಿಕೆಗೆ ಮಿತಿ ಹಾಕಿತು. ಹೆಚ್ಚು ಸಂಬಳ ಕೊಡಲಾಗದ ಮಾಲೀಕರು ಕೆಲಸಗಾರರನ್ನು ಸೆಳೆಯಲು ಆರೋಗ್ಯ ವಿಮೆಯನ್ನು ಕೊಡತೊಡಗಿದರು. ತೆರಿಗೆ ವಿನಾಯಿತಿಯೂ ಸೇರಿ ಆ ಪದ್ಧತಿ ಬೇರೂರಿತು. ಹೀಗೆ ಯುದ್ಧಕಾಲದ ಒಂದು ಅಡ್ಡದಾರಿ ಕ್ರಮೇಣ ಹೆದ್ದಾರಿಯಾಯಿತು. 1945ರ ನವೆಂಬರ್‌ನಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಎಲ್ಲರಿಗೂ ರಾಷ್ಟ್ರೀಯ ವಿಮೆ ಬೇಕೆಂದಾಗ ವೈದ್ಯರ ಸಂಘವೇ ಅದನ್ನು ಸಮಾಜವಾದಿ ವೈದ್ಯಪದ್ಧತಿಯೆಂದು ಜರೆದು ಸೋಲಿಸಿತು. ಇಪ್ಪತ್ತು ವರ್ಷಗಳ ತರುವಾಯ, 1965ರ ಜುಲೈ 30ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಟ್ರೂಮನ್‌ರ ಊರಿಗೇ ಹೋಗಿ, ವೃದ್ಧರಿಗೆ ಮೆಡಿಕೇರ್, ಬಡವರಿಗೆ ‘ಮೆಡಿಕೈಡ್’ ಎಂಬ ಎರಡು ಯೋಜನೆಗಳಿಗೆ ಸಹಿ ಹಾಕಿದರು. ಮೆಡಿಕೇರ್‌ನ ಮೊದಲ ಚೀಟಿ ಟ್ರೂಮನ್‌ರ ಕೈಗೇ ಬಂತು.

ಆದರೆ ಇವೆರಡರ ನಡುವೆ ಒಂದು ದೊಡ್ಡ ಬಿರುಕು ಉಳಿಯಿತು. ವೃದ್ಧರಲ್ಲದವರು, ಮೆಡಿಕೈಡ್ ದೊರೆಯುವಷ್ಟು ಬಡವರೂ ಅಲ್ಲದವರು, ವಿಮೆ ಕೊಡುವ ಮಾಲೀಕರಿಲ್ಲದವರು: ಇಂಥವರೇ ಸೇರಿ 2010ರ ಹೊತ್ತಿಗೆ ನಾಲ್ಕೂವರೆ ಕೋಟಿಗೂ ಹೆಚ್ಚು ಜನ ವಿಮೆಯಿಲ್ಲದೆ ಇದ್ದರು. ಸ್ವಂತ ಹಣದಿಂದ ಕೊಳ್ಳಲು ಹೋದರೆ, ಮಧುಮೇಹವಿದೆ, ಹಿಂದೊಮ್ಮೆ ಕ್ಯಾನ್ಸರ್ ಬಂದಿತ್ತು ಎಂದು ಕಂಪನಿಗಳು ನಿರಾಕರಿಸಬಹುದಿತ್ತು. ಅವರಿಗೆ ಉಳಿದಿದ್ದುದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಬಾಗಿಲು ಮಾತ್ರ. ಹಣವಿಲ್ಲವೆಂದು ತುರ್ತು ರೋಗಿಯನ್ನು ಹಿಂದಿರುಗಿಸಬಾರದೆಂದು 1986ರ ಕಾನೂನು ಹೇಳುತ್ತದೆ. ಆದರೆ ಎದೆಯ ಗಂಟನ್ನು ಆರಂಭದಲ್ಲೇ ಪರೀಕ್ಷಿಸುವ ಕೆಲಸ ತುರ್ತು ವಿಭಾಗದ್ದಲ್ಲ. ಅದು ಹುಣ್ಣಾದ ಮೇಲೆಯೇ ರೋಗಿ ಅಲ್ಲಿಗೆ ಬರುತ್ತಾಳೆ.

ಆ ಬಾಗಿಲಲ್ಲಿ ನಿಂತವರಲ್ಲಿ ನಮ್ಮ ಧರ್ಮಭಗಿನಿಯರು ಬಹುಕಾಲದಿಂದ ಇದ್ದರು. 1727ರಲ್ಲಿ ಉರ್ಸುಲಿನ್ ಸಭೆಯ ಭಗಿನಿಯರು ಫ್ರಾನ್ಸಿನಿಂದ ನ್ಯೂ ಆರ್ಲಿಯನ್ಸ್ ಬಂದರಿಗೆ ಬಂದಿಳಿದು ರೋಗಿಗಳ ಶುಶ್ರೂಷೆಗೆ ತೊಡಗಿದರು. ಆಗ ಅಮೆರಿಕ ಎಂಬ ದೇಶವೇ ಹುಟ್ಟಿರಲಿಲ್ಲ. ಇಂದು ಅಲ್ಲಿ 600ಕ್ಕೂ ಹೆಚ್ಚು ಕಥೋಲಿಕ ಆಸ್ಪತ್ರೆಗಳಿವೆ. ಆದ್ದರಿಂದಲೇ 2009–10ರ ಚರ್ಚೆ ಧರ್ಮಸಭೆಯ ಅಂಗಳವನ್ನೂ ಹೊಕ್ಕಿತು. ಅದು ಸುಖಕರವಾಗಿರಲಿಲ್ಲ.

ಅಧ್ಯಕ್ಷ ಬರಾಕ್ ಒಬಾಮರ ಕಾನೂನಿನ ತಿರುಳು ಇಷ್ಟು: ಕಾಯಿಲೆಯ ಕಾರಣಕ್ಕೆ ಯಾರಿಗೂ ವಿಮೆ ನಿರಾಕರಿಸುವಂತಿಲ್ಲ. ಆದರೆ ಮನೆಗೆ ಬೆಂಕಿ ಬಿದ್ದ ಮೇಲೆ ವಿಮೆ ಕೊಳ್ಳಬಹುದೆಂದಾದರೆ ಮೊದಲೇ ಯಾರು ಕೊಳ್ಳುತ್ತಾರೆ? ಆದುದರಿಂದ ಆರೋಗ್ಯವಂತರೂ ವಿಮೆ ಹೊಂದಿರಲೇಬೇಕು, ಇಲ್ಲವಾದರೆ ದಂಡ. ಕೊಳ್ಳಲಾಗದವರಿಗೆ ಸರ್ಕಾರದ ನೆರವು, ಮೆಡಿಕೈಡ್‌ನ ವಿಸ್ತರಣೆ, 26 ವರ್ಷದವರೆಗೆ ಮಕ್ಕಳು ತಂದೆತಾಯಿಯರ ವಿಮೆಯಲ್ಲೇ ಇರಬಹುದು. ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಎಲ್ಲರೂ ವಿಮೆ ಹೊಂದಲೇಬೇಕೆಂಬ ನಿಯಮವನ್ನು 1989ರಲ್ಲೇ ಮುಂದಿಟ್ಟಿದ್ದು ಸಂಪ್ರದಾಯವಾದಿಗಳ ಚಿಂತನ ಸಂಸ್ಥೆಯಾದ ಹೆರಿಟೇಜ್ ಫೌಂಡೇಶನ್. 2006ರಲ್ಲಿ ಅದನ್ನು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜಾರಿಗೊಳಿಸಿದವರು ರಿಪಬ್ಲಿಕನ್ ರಾಜ್ಯಪಾಲ ಮಿಟ್ ರಾಮ್ನಿ. ಸರ್ಕಾರವೇ ಎಲ್ಲರಿಗೂ ವಿಮೆ ಕೊಡುವ ಪದ್ಧತಿಗೆ ಬದಲಿಯಾಗಿ ಖಾಸಗಿ ಕಂಪನಿಗಳ ಮೂಲಕ ಏನು ಸಾಧ್ಯವಿತ್ತೋ ಅದು ಇದೇ ಆಗಿತ್ತು. ಮುಂದೆ ರಿಪಬ್ಲಿಕನ್ನರು ಬದಲಿಯನ್ನು ಹುಡುಕಿ ಹುಡುಕಿ ದಣಿದದ್ದರ ಮೂಲ ಕಾರಣ ಇಲ್ಲಿದೆ ಎಂದು ನನಗೆ ತೋರುತ್ತದೆ. ಬದಲಿ ಆಗಲೇ ಬಳಕೆಯಾಗಿಬಿಟ್ಟಿತ್ತು.

ಎಲ್ಲರಿಗೂ ಆರೋಗ್ಯಸೇವೆ ಸಿಗಬೇಕೆಂದು ಅಮೆರಿಕದ ಧರ್ಮಾಧ್ಯಕ್ಷರು ದಶಕಗಳಿಂದ ಹೇಳುತ್ತ ಬಂದಿದ್ದರು. ಆದರೆ 2010ರ ಮಾರ್ಚ್‌ನಲ್ಲಿ, ಕಾರ್ಡಿನಲ್ ಫ್ರಾನ್ಸಿಸ್ ಜಾರ್ಜ್ ಅವರ ಮುಂದಾಳತ್ವದಲ್ಲಿ, ಅವರು ಈ ಮಸೂದೆಯನ್ನು ಒಪ್ಪಲಾಗದೆಂದರು. ಗರ್ಭಪಾತಕ್ಕೆ ಸಾರ್ವಜನಿಕ ಹಣ ಸೇರದಂತೆ ಸಾಕಷ್ಟು ತಡೆಯಿಲ್ಲ, ಆತ್ಮಸಾಕ್ಷಿಗೆ ರಕ್ಷಣೆ ಸಾಲದು, ದಾಖಲೆಯಿಲ್ಲದ ವಲಸಿಗರು ಸ್ವಂತ ಹಣದಿಂದಲೂ ಹೊಸ ಮಾರುಕಟ್ಟೆಯಲ್ಲಿ ವಿಮೆ ಕೊಳ್ಳುವಂತಿಲ್ಲ ಎಂಬುವು ಅವರ ಆಕ್ಷೇಪಗಳು. ಅದೇ ದಿನಗಳಲ್ಲಿ ಕಥೋಲಿಕ ಆಸ್ಪತ್ರೆಗಳ ಒಕ್ಕೂಟದ ಅಧ್ಯಕ್ಷೆ, ‘ಡಾಟರ್ಸ್ ಆಫ್ ಚಾರಿಟಿ’ ಸಭೆಯ ಸಿಸ್ಟರ್ ಕ್ಯಾರಲ್ ಕೀಹನ್ ಮಸೂದೆಯನ್ನು ಬೆಂಬಲಿಸಿದರು. ಅವರು ಸ್ವತಃ ದಾದಿಯಾಗಿ ಸೇವೆ ಆರಂಭಿಸಿದವರು. ಸಿಸ್ಟರ್ ಸಿಮೋನ್ ಕ್ಯಾಂಪ್‌ಬೆಲ್ ಮೊದಲಾದ ಭಗಿನಿಯರು ಸಂಸದರಿಗೆ ಬಹಿರಂಗ ಪತ್ರ ಬರೆದರು. ಮಾರ್ಚ್ 21ರಂದು ಪ್ರತಿನಿಧಿ ಸಭೆ 219ಕ್ಕೆ 212 ಮತಗಳಿಂದ ಮಸೂದೆಯನ್ನು ಅಂಗೀಕರಿಸಿತು. ಗರ್ಭಪಾತದ ವಿರೋಧಿಯಾದ ಸಂಸದ ಬಾರ್ಟ್ ಸ್ಟೂಪಕ್, ಅಧ್ಯಕ್ಷರು ಆ ಕುರಿತು ಪ್ರತ್ಯೇಕ ಆದೇಶ ಹೊರಡಿಸುವ ಭರವಸೆಯ ಮೇಲೆ ಕೊನೆಯ ಗಳಿಗೆಯಲ್ಲಿ ಸಮ್ಮತಿಸಿದ್ದರು. ಮಾರ್ಚ್ 23ರಂದು ಸಹಿಗೆ ಬಳಸಿದ ಲೇಖನಿಗಳಲ್ಲಿ ಒಂದು ಸಿಸ್ಟರ್ ಕ್ಯಾರಲ್ ಅವರಿಗೆ ಸಂದಿತು.

ಯಾರು ಸರಿ? ಗುರುಮಠದಲ್ಲಿ ನೀತಿಶಾಸ್ತ್ರ ಓದಿದವನಿಗೆ ಧರ್ಮಾಧ್ಯಕ್ಷರ ತರ್ಕವನ್ನು ತಳ್ಳಿಹಾಕಲಾಗದು. ಕಾನೂನಿನಡಿ ಬಂದ ಗರ್ಭನಿರೋಧಕದ ನಿಯಮದಿಂದಾಗಿ, ಬಡ ವೃದ್ಧರನ್ನು ಸಲಹುವ ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’ ಭಗಿನಿಯರು ಸುಪ್ರೀಂ ಕೋರ್ಟಿನವರೆಗೆ ಅಲೆಯಬೇಕಾಯಿತು. ಅವರಿಗೆ ಅಲ್ಲಿ ಜಯ ದೊರೆತದ್ದು 2020ರಲ್ಲಿ. ಆತ್ಮಸಾಕ್ಷಿಯ ಬಗೆಗಿನ ಭಯ ಬರಿಯ ಕಲ್ಪನೆಯಾಗಿರಲಿಲ್ಲ. ಆದರೆ ಹುಣ್ಣಾದ ಎದೆಯೊಂದಿಗೆ ಬಂದವಳನ್ನು ಕಣ್ಣಾರೆ ಕಂಡವರು ಭಗಿನಿಯರು. ಅವರ ಮಾತಿಗೂ ನಾನು ಕಿವಿ ಮುಚ್ಚಿಕೊಳ್ಳಲಾರೆ. ಆ ದಿನಗಳಲ್ಲಿ ಎರಡೂ ಕಡೆಯವರು ಪರಸ್ಪರ ಆಡಿದ ಕೆಲವು ಕಟುಮಾತುಗಳನ್ನು ಇಲ್ಲಿ ಬರೆಯದಿರುವುದೇ ಲೇಸು.

ಮುಂದಿನ ಏಳು ವರ್ಷ ರಿಪಬ್ಲಿಕನ್ನರ ಧ್ವಜವಾಕ್ಯ ಒಂದೇ: ರದ್ದತಿ ಮತ್ತು ಬದಲಿ. 2011ರ ಜನವರಿಯಿಂದ ಆರಂಭಿಸಿ ಪೂರ್ಣವಾಗಿಯೋ ಭಾಗಶಃವಾಗಿಯೋ ರದ್ದುಗೊಳಿಸಲು ಪ್ರತಿನಿಧಿ ಸಭೆ 50ಕ್ಕೂ ಹೆಚ್ಚು ಬಾರಿ ಮತ ಹಾಕಿತು. ಒಬಾಮರ ಕಡೆಯ ತಪ್ಪುಗಳೂ ಅವರಿಗೆ ಒದಗಿಬಂದವು. ನಿಮ್ಮ ಈಗಿನ ವಿಮೆ ಇಷ್ಟವಿದ್ದರೆ ಅದನ್ನೇ ಉಳಿಸಿಕೊಳ್ಳಬಹುದೆಂದು ಅಧ್ಯಕ್ಷರು ಮತ್ತೆ ಮತ್ತೆ ಹೇಳಿದ್ದರು; 2013ರಲ್ಲಿ ಲಕ್ಷಾಂತರ ಮಂದಿಗೆ ವಿಮೆ ರದ್ದಾದ ಪತ್ರಗಳು ಬಂದಾಗ ಅವರು ಕ್ಷಮೆ ಕೇಳಬೇಕಾಯಿತು. 2016ರ ಜನವರಿಯಲ್ಲಿ ಎರಡೂ ಸದನಗಳು ಅಂಗೀಕರಿಸಿದ ರದ್ದತಿಯ ಮಸೂದೆಯನ್ನು ಒಬಾಮ ತಮ್ಮ ವಿಶೇಷಾಧಿಕಾರದಿಂದ ತಡೆದರು. ತಡೆಯುವವರು ಇದ್ದಾರೆಂದು ಗೊತ್ತಿದ್ದಾಗ ಮತ ಹಾಕುವುದು ಕಷ್ಟವಲ್ಲ.

2017ರಲ್ಲಿ ತಡೆಯುವವರಿರಲಿಲ್ಲ. ಅಧ್ಯಕ್ಷ ಡೊನಾಲ್ಡ್ ಟ್ರಂಪ್, ಎರಡೂ ಸದನಗಳು, ಎಲ್ಲವೂ ಒಂದೇ ಪಕ್ಷದ ಕೈಯಲ್ಲಿದ್ದವು. ಆದರೆ ಅಷ್ಟರೊಳಗೆ ಸುಮಾರು ಎರಡು ಕೋಟಿ ಜನ ಹೊಸದಾಗಿ ವಿಮೆ ಪಡೆದಿದ್ದರು. ಆರೋಗ್ಯದ ವಿಷಯ ಇಷ್ಟು ಜಟಿಲವೆಂದು ಯಾರಿಗೂ ತಿಳಿದಿರಲಿಲ್ಲವೆಂದು ಟ್ರಂಪ್ ಫೆಬ್ರವರಿಯಲ್ಲಿ ಉದ್ಗರಿಸಿದರು. ತಿಳಿದವರು ಬಹಳ ಮಂದಿ ಇದ್ದರು, ಆ ಮಾತು ಬೇರೆ. ಮೇ 4ರಂದು ಪ್ರತಿನಿಧಿ ಸಭೆ 217ಕ್ಕೆ 213 ಮತಗಳಿಂದ ಬದಲಿ ಮಸೂದೆಯೊಂದನ್ನು ಅಂಗೀಕರಿಸಿತು; ಅಧ್ಯಕ್ಷರ ನಿವಾಸದ ಉದ್ಯಾನದಲ್ಲಿ ಸಂಭ್ರಮವೂ ನಡೆಯಿತು. ಇದರಿಂದ 2026ರ ವೇಳೆಗೆ 2.3 ಕೋಟಿ ಜನ ಹೆಚ್ಚಾಗಿ ವಿಮೆಯಿಲ್ಲದವರಾಗುವರೆಂದು ಸಂಸತ್ತಿನ ಆಯವ್ಯಯ ಕಚೇರಿ ಅದೇ ತಿಂಗಳು ಲೆಕ್ಕ ಕೊಟ್ಟಿತು.

ಧರ್ಮಾಧ್ಯಕ್ಷರ ಪರವಾಗಿ ಸಂಸದರಿಗೆ ಪತ್ರ ಬರೆದವರು ಫ್ಲಾರಿಡಾದ ವೆನಿಸ್ ಧರ್ಮಕ್ಷೇತ್ರದ ಬಿಷಪ್ ಫ್ರಾಂಕ್ ಡ್ವೇನ್. 2010ರಲ್ಲಿ ಧರ್ಮಾಧ್ಯಕ್ಷರು ಬೇಡಿದ್ದ ಅಜಾತ ಶಿಶುಗಳ ರಕ್ಷಣೆಯ ಅಂಶ ಈ ಮಸೂದೆಯಲ್ಲಿತ್ತು. ಬಿಷಪರು ಅದನ್ನು ಮೆಚ್ಚಿ ಬರೆದರು. ಆದರೂ ಬಡವರ ಮೆಡಿಕೈಡ್‌ಗೆ ಬೀಳುವ ಕತ್ತರಿಯನ್ನು ನೋಡಿ ತೀವ್ರ ಆತಂಕ ವ್ಯಕ್ತಪಡಿಸಿದರು. ಸೆನೆಟಿನ ಮಸೂದೆ ಬಂದಾಗ, ಇದ್ದಂತೆಯೇ ಇದನ್ನು ಒಪ್ಪಲಾಗದೆಂದರು. ತಕ್ಕ ಬದಲಿಯಿಲ್ಲದೆ ಇರುವ ಕಾನೂನನ್ನು ಕಿತ್ತುಹಾಕಬಾರದೆಂದರು. ಸಿಸ್ಟರ್ ಕ್ಯಾರಲ್ ಅವರೂ ಆ ಮಸೂದೆಗಳನ್ನು ವಿರೋಧಿಸುತ್ತಿದ್ದರು. ಏಳು ವರ್ಷಗಳ ಹಿಂದೆ ಎದುರುಬದುರಾಗಿ ನಿಂತವರು ಈಗ ಒಂದೇ ಬಾಗಿಲನ್ನು ಕಾಯುತ್ತಿದ್ದರು. ಹಳೆಯ ಭಿನ್ನಾಭಿಪ್ರಾಯವನ್ನು ಯಾರೂ ಬಿಟ್ಟುಕೊಟ್ಟಿರಲಿಲ್ಲ.

ಜುಲೈ 27ರ ರಾತ್ರಿ ಸೆನೆಟಿನಲ್ಲಿ ಚರ್ಚೆ ನಡುರಾತ್ರಿ ದಾಟಿತು. ಬದಲಿಯ ಮಾತನ್ನು ಅಷ್ಟು ಹೊತ್ತಿಗೆ ಬದಿಗಿಟ್ಟಾಗಿತ್ತು. ಕೆಲವೇ ಅಂಶಗಳನ್ನು ರದ್ದುಗೊಳಿಸುವ ಸಪೂರ ಮಸೂದೆಯೊಂದು ಮುಂದಿತ್ತು. ಮೂತ್ರಪಿಂಡದ ಕ್ಯಾನ್ಸರ್‌ಗೆ ಚಿಕಿತ್ಸೆಯಲ್ಲಿದ್ದ ಹವಾಯಿಯ ಸೆನೆಟರ್ ಮೇಜಿ ಹಿರೋನೊ ಎದ್ದುನಿಂತು, ಜಪಾನಿನಲ್ಲಿ ಎರಡು ವರ್ಷದ ತಮ್ಮ ಸಹೋದರಿ ನ್ಯುಮೋನಿಯಾದಿಂದ ಆಸ್ಪತ್ರೆ ಕಾಣದೆ ಮನೆಯಲ್ಲೇ ತೀರಿಕೊಂಡದ್ದನ್ನು ಹೇಳಿದರು. ತಾನು ಕಾಯಿಲೆ ಬಿದ್ದಾಗ ಸಾಂತ್ವನದ ಪತ್ರ ಬರೆದ ಸಹೋದ್ಯೋಗಿಗಳ ಕರುಣೆ ಈ ರಾತ್ರಿ ಎಲ್ಲಿ ಹೋಯಿತೆಂದು ಕೇಳಿದರು. ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಅವರಿಗೆ ಮೆದುಳಿನ ಕ್ಯಾನ್ಸರ್ ಇರುವುದು ಬಹಿರಂಗವಾಗಿ ಹತ್ತು ದಿನಗಳೂ ಆಗಿರಲಿಲ್ಲ. ಅವರು ಒಬಾಮರ ಕಾನೂನಿನ ಮಿತ್ರರೇನಲ್ಲ. 2009ರಲ್ಲಿ ಅದರ ವಿರುದ್ಧವೇ ಮತ ಹಾಕಿದ್ದವರು. ಮಸೂದೆಯನ್ನು ಚರ್ಚೆಗೆತ್ತಿಕೊಳ್ಳಲು ಮೂರು ದಿನಗಳ ಹಿಂದಷ್ಟೇ ನೆರವಾಗಿದ್ದರು. ಸುಸಾನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ ಎಂಬ ಅವರದೇ ಪಕ್ಷದ ಇಬ್ಬರು ಮಹಿಳೆಯರು ಮೊದಲಿನಿಂದಲೂ ಬಿಗಿಯಾಗಿ ನಿಂತಿದ್ದರು. ಬೆಳಗಿನ ಜಾವ ಒಂದೂವರೆಯ ಸುಮಾರಿಗೆ ಮೆಕೇನ್ ಸಭಾಂಗಣದ ಮುಂದೆ ಬಂದು ಕೈ ಚಾಚಿ ಹೆಬ್ಬೆರಳನ್ನು ಕೆಳಗೆ ತಿರುಗಿಸಿದರು. 49ಕ್ಕೆ 51 ಮತಗಳಿಂದ ಮಸೂದೆ ಬಿತ್ತು. ಪತ್ರಿಕೆಗಳು ಆ ಹೆಬ್ಬೆರಳನ್ನೇ ಕೊಂಡಾಡಿದವು. ಇಬ್ಬರು ಮಹಿಳೆಯರ ದೃಢತೆಗೆ ಸಂದ ಶ್ರೇಯಸ್ಸು ಕಡಿಮೆಯೇ.

ಅಲ್ಲಿಗೆ ಕದನ ನಿಲ್ಲಲಿಲ್ಲ. ಅದೇ ಡಿಸೆಂಬರ್‌ನ ತೆರಿಗೆ ಕಾನೂನು ವಿಮೆ ಹೊಂದದವರ ಮೇಲಿನ ದಂಡವನ್ನು 2019ರಿಂದ ಸೊನ್ನೆಗಿಳಿಸಿತು. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಮೂರನೆಯ ಬಾರಿಗೆ ಕಾನೂನನ್ನು ಉಳಿಸಿತು. ಅದೇ ವರ್ಷ ಹೆಚ್ಚಿಸಿದ ಸರ್ಕಾರಿ ನೆರವನ್ನು ಮುಂದುವರಿಸಬೇಕೇ ಎಂಬ ಜಗಳದಲ್ಲಿ 2025ರ ಅಕ್ಟೋಬರ್ 1ರಿಂದ 43 ದಿನ ಸರ್ಕಾರದ ಕಚೇರಿಗಳು ಮುಚ್ಚಿದವು. ಕೊನೆಗೂ ಆ ಹೆಚ್ಚುವರಿ ನೆರವು 2025ರ ಅಂತ್ಯಕ್ಕೆ ಮುಗಿದುಹೋಯಿತು. ಕಾನೂನನ್ನು ಯಾರೂ ರದ್ದುಗೊಳಿಸಲಿಲ್ಲ. ನೆರವಿನ ಅವಧಿ ಮುಗಿಯಿತು, ಅಷ್ಟೇ. ಅಲ್ಲಿ ದಾದಿಯಾಗಿರುವ ಮಗಳು ನಿಮಗಿದ್ದರೆ, ಮುಂದಿನ ಸಲ ಫೋನ್ ಮಾಡಿದಾಗ ಕೇಳಿ ನೋಡಿ: ತುರ್ತು ವಿಭಾಗಕ್ಕೆ ಈಗ ಎಂಥ ರೋಗಿಗಳು ಬರುತ್ತಿದ್ದಾರೆ, ಎಷ್ಟು ತಡವಾಗಿ ಬರುತ್ತಿದ್ದಾರೆ ಎಂದು.