ಶಾಲೆಗಳಲ್ಲಿ ಗಣಕಯಂತ್ರ ಆಧಾರಿತ ಕಲಿಕೆಯ ಪರಿಣಾಮಕಾರಿತ್ವ: ಪೋಷಕರ ಮಾಹಿತಿಗಾಗಿ

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಗಣಕಯಂತ್ರ, ಉಪಗ್ರಹ ಪ್ರಸಾರ ಹಾಗೂ ಸ್ಮಾರ್ಟ್ ತರಗತಿಗಳ ಮೂಲಕ ಬೋಧನೆಯನ್ನು ಬಲಪಡಿಸುವ ಯೋಜನೆಗಳಿಗೆ ಎರಡು ದಶಕಗಳಿಗೂ ಮೀರಿದ ಇತಿಹಾಸವಿದೆ. ಶಾಲೆಗೆ ಎಷ್ಟು ಯಂತ್ರಗಳು ಬಂದಿವೆ ಎಂಬುದು ದಾಸ್ತಾನು ವಹಿಯಿಂದ ತಿಳಿಯುತ್ತದೆ. ಅವುಗಳಿಂದ ಮಕ್ಕಳು ಏನು ಕಲಿತರು ಎಂಬುದು ಅದರಿಂದ ತಿಳಿಯುವುದಿಲ್ಲ. ಗುಡೇಮಾರನಹಳ್ಳಿಯಂತಹ ಗ್ರಾಮಗಳಲ್ಲಿ, ಮನೆಯಲ್ಲಿ ಗಣಕಯಂತ್ರವಿಲ್ಲದ ಮಗುವಿಗೆ ಶಾಲೆಯ ಪ್ರಯೋಗಾಲಯದ ಅವಧಿಯೇ ಇರುವ ಒಂದು ಅವಕಾಶ. ಆ ಅವಧಿ ಹೇಗೆ ಬಳಕೆಯಾಯಿತೆಂದು ವಿಚಾರಿಸುವ ಹಕ್ಕು ಪೋಷಕರಿಗಿದೆ.

ಹಿನ್ನೆಲೆ

2001-02ನೇ ಸಾಲಿನಲ್ಲಿ ಆರಂಭವಾದ 'ಮಾಹಿತಿ ಸಿಂಧು' ಯೋಜನೆಯಡಿ 1000 ಸರ್ಕಾರಿ ಪ್ರೌಢಶಾಲೆಗಳಲ್ಲಿ ಖಾಸಗಿ ತರಬೇತಿ ಸಂಸ್ಥೆಗಳ ಮುಖಾಂತರ ಗಣಕಯಂತ್ರ ಶಿಕ್ಷಣ ನೀಡಲಾಯಿತು. ಬೋಧಕರು ಸಂಸ್ಥೆಯ ಕಡೆಯವರಾಗಿರುವ ಇಂತಹ ವ್ಯವಸ್ಥೆಯಲ್ಲಿ ಗಣಿತ, ವಿಜ್ಞಾನ ವಿಷಯಗಳ ಶಿಕ್ಷಕರಿಗೂ ಪ್ರಯೋಗಾಲಯಕ್ಕೂ ನಂಟು ಬೆಳೆಯುವುದು ಕಷ್ಟ. ಗುತ್ತಿಗೆ ಮುಗಿದೊಡನೆ ಪಾಠವೂ ಮುಗಿಯುವ ಅಪಾಯವಿರುತ್ತದೆ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಉಡಾವಣೆಗೊಂಡ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳನ್ನು ಪ್ರಸಾರ ಮಾಡಲಾಯಿತು. ಈ ಉಪಗ್ರಹದ ಸೇವೆ 2010ರಲ್ಲಿ ಕೊನೆಗೊಂಡಿತು. ನಂತರದ 'ಟಾಲ್ಪ್' ಕಾರ್ಯಕ್ರಮದಲ್ಲಿ ಆಯಾ ವಿಷಯದ ಶಿಕ್ಷಕರಿಗೇ ತರಬೇತಿ ನೀಡುವುದಕ್ಕೆ ಒತ್ತು ನೀಡಲಾಯಿತು. ಹಿಂದಿನ ಯೋಜನೆಗಳ ಕೊರತೆಯನ್ನು ಗಮನಿಸಿದರೆ ಇದು ಸರಿಯಾದ ದಿಕ್ಕು.

ಅಧ್ಯಯನಗಳಿಂದ ತಿಳಿದುಬಂದ ಅಂಶಗಳು

ಗುಜರಾತಿನ ವಡೋದರಾ ನಗರದ ಪುರಸಭಾ ಶಾಲೆಗಳಲ್ಲಿ 2002ರಿಂದ 2004ರವರೆಗೆ ನಾಲ್ಕನೇ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಕಾಲ ಗಣಕಯಂತ್ರದಲ್ಲಿ ಗಣಿತದ ಆಟಗಳನ್ನು ಆಡಿಸಲಾಯಿತು. ಮಕ್ಕಳ ಗಣಿತದ ಅಂಕಗಳು ಗಣನೀಯವಾಗಿ ಏರಿದವು. ಆದರೆ ಕಾರ್ಯಕ್ರಮ ನಿಂತ ಒಂದು ವರ್ಷದ ಬಳಿಕ ಪುನಃ ಪರೀಕ್ಷಿಸಿದಾಗ ಆ ಗಳಿಕೆಯ ಬಹುಪಾಲು ಕರಗಿಹೋಗಿತ್ತು. ಅದೇ ರಾಜ್ಯದಲ್ಲಿ ಜ್ಞಾನ್ ಶಾಲಾ ಸಂಸ್ಥೆಯ ಶಾಲೆಗಳಲ್ಲಿ ನಡೆದ ಇನ್ನೊಂದು ಅಧ್ಯಯನದ ಫಲಿತಾಂಶ ಪೋಷಕರಿಗೆ ಹೆಚ್ಚು ಉಪಯುಕ್ತ. ಶಿಕ್ಷಕರ ಪಾಠದ ಸಮಯವನ್ನು ಕಡಿತಗೊಳಿಸಿ ಗಣಕಯಂತ್ರದ ಮುಂದೆ ಕೂರಿಸಿದ ಮಕ್ಕಳು ಉಳಿದವರಿಗಿಂತ ಕಡಿಮೆ ಕಲಿತರು. ಪಾಠದ ವೇಳೆಯನ್ನು ಮುಟ್ಟದೆ, ಅದರ ಜೊತೆಗೆ ಹೆಚ್ಚುವರಿಯಾಗಿ ಬಳಸಿದಲ್ಲಿ, ವಿಶೇಷವಾಗಿ ಹಿಂದುಳಿದ ಮಕ್ಕಳಿಗೆ, ಪ್ರಯೋಜನವಾಯಿತು. ತಂತ್ರಾಂಶ ಒಂದೇ, ವೇಳಾಪಟ್ಟಿ ಮಾತ್ರ ಬೇರೆ.

ಕರ್ನಾಟಕದಲ್ಲಿ ಗಣಕಯಂತ್ರ ಆಧಾರಿತ ಕಲಿಕಾ ಕೇಂದ್ರಗಳನ್ನು ಬೆಂಬಲಿಸಿದ್ದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವೂ ವರ್ಷಗಳ ಅನುಭವದ ನಂತರ ಇದರ ಮಿತಿಯನ್ನು 2010ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡು, ಶಿಕ್ಷಕರ ಸಾಮರ್ಥ್ಯ ವೃದ್ಧಿಯತ್ತ ಗಮನ ಹರಿಸಿತು. ಪೆರು ದೇಶದಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ವಿತರಿಸಿದ ಯೋಜನೆಯ ಕುರಿತ 2012ರ ಮೌಲ್ಯಮಾಪನದಲ್ಲಿ ಗಣಿತ ಹಾಗೂ ಭಾಷೆಯ ಕಲಿಕೆ ಸುಧಾರಿಸಿದ್ದು ಕಂಡುಬರಲಿಲ್ಲ.

ಪರೀಕ್ಷಾ ಫಲಿತಾಂಶ ಒಂದೇ ಸಾಲದು

ಸ್ಮಾರ್ಟ್ ತರಗತಿ ಬಂದ ವರ್ಷ ಶಾಲೆಯ ಎಸ್.ಎಸ್.ಎಲ್.ಸಿ. ಫಲಿತಾಂಶ ಏರಿದರೆ ಅದನ್ನು ಯಂತ್ರದ ಸಾಧನೆ ಎನ್ನಲಾಗದು. ರಾಜ್ಯದ ಒಟ್ಟಾರೆ ಉತ್ತೀರ್ಣತೆ 2023ರಲ್ಲಿ ಶೇ 83.89 ಇದ್ದದ್ದು, ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಅಳವಡಿಸಿ ವೆಬ್‌ಕಾಸ್ಟಿಂಗ್ ಜಾರಿಗೊಳಿಸಿದ 2024ರಲ್ಲಿ, ಹೆಚ್ಚುವರಿ ಕೃಪಾಂಕ ನೀಡಿಯೂ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಕಲಿಕೆ ಅಷ್ಟು ಕುಸಿಯಿತೆಂದು ಯಾರೂ ಭಾವಿಸುವುದಿಲ್ಲ, ಬದಲಾದದ್ದು ಮೇಲ್ವಿಚಾರಣೆ. ಆದುದರಿಂದ ಕಾರ್ಯಕ್ರಮದ ಆರಂಭದಲ್ಲಿ ಒಂದು ಕಿರುಪರೀಕ್ಷೆ, ಕೊನೆಯಲ್ಲಿ ಅದೇ ಮಟ್ಟದ ಇನ್ನೊಂದು, ರಜೆಯ ನಂತರ ಮತ್ತೊಂದು ನಡೆಸಿ, ಸೌಲಭ್ಯವಿಲ್ಲದ ನೆರೆಯ ಶಾಲೆಯ ಮಕ್ಕಳೊಂದಿಗೆ ಹೋಲಿಸುವುದು ಸೂಕ್ತ.

ಪ್ರಯೋಗಾಲಯಕ್ಕೆ ಭೇಟಿ ನೀಡುವ ಪೋಷಕರು ಒಂದು ಯಂತ್ರಕ್ಕೆ ಎಷ್ಟು ಮಕ್ಕಳು, ವಿದ್ಯುತ್ ಕಡಿತದ ದಿನಗಳಲ್ಲಿ ಏನು ವ್ಯವಸ್ಥೆ, ಕೆಟ್ಟ ಯಂತ್ರ ಎಷ್ಟು ದಿನ ದುರಸ್ತಿಯಾಗದೆ ಉಳಿಯಿತು ಎಂಬುದನ್ನು ಗಮನಿಸಬೇಕು. ಮೌಸ್ ಯಾರ ಕೈಯಲ್ಲಿದೆ ಎಂಬುದನ್ನೂ ನೋಡತಕ್ಕದ್ದು. ಮೂವರು ಕುಳಿತಲ್ಲಿ ಒಬ್ಬನೇ ಕಲಿಯುತ್ತಿದ್ದು, ಹೆಣ್ಣುಮಕ್ಕಳು ನೋಡುತ್ತಾ ಕೂರುವಂತಾದರೆ ಬಳಕೆ ವಹಿಯಲ್ಲಿ ಮೂವರ ಹಾಜರಿಯಿದ್ದೂ ಫಲವಿಲ್ಲ.

ಮಾಹಿತಿ ಪಡೆಯುವ ವಿಧಾನ

ಮೊದಲಿಗೆ ಎಸ್.ಡಿ.ಎಂ.ಸಿ. ಎಂದೇ ಪರಿಚಿತವಾದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ವಿಷಯವನ್ನು ಪ್ರಸ್ತಾಪಿಸಬಹುದು. ಹೆಚ್ಚಿನ ಸಂದರ್ಭಗಳಲ್ಲಿ ಅಷ್ಟರಲ್ಲೇ ಉತ್ತರ ದೊರೆಯುತ್ತದೆ. ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ವಿನಾಯಿತಿ ಇದೆ. ರಾಜ್ಯದ ನಿಯಮಗಳ ಪ್ರಕಾರ ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿದ್ದು, 150 ಪದಗಳನ್ನು ಮೀರಬಾರದು. 'ಯೋಜನೆ ಪರಿಣಾಮಕಾರಿಯಾಗಿದೆಯೇ?' ಎಂದು ಅಭಿಪ್ರಾಯ ಕೇಳಿದ ಅರ್ಜಿಗೆ ಉಪಯುಕ್ತ ಉತ್ತರ ಬಾರದು. ಬಳಕೆ ವಹಿ, ವೇಳಾಪಟ್ಟಿ ಮತ್ತು ದುರಸ್ತಿ ದಾಖಲೆಗಳ ನಕಲು ಕೋರುವುದು ಒಳಿತು. 30 ದಿನಗಳೊಳಗೆ ಮಾಹಿತಿ ದೊರೆಯದಿದ್ದರೆ, ನಂತರದ 30 ದಿನಗಳೊಳಗೆ ಮೊದಲ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದಾಗಿದೆ.