ಸ್ಟಿಯರಿಂಗ್ ಏರಿದ ಗೇರು

ದೀಪಾವಳಿಗೆ ಮನೆ ಒರೆಸುವಾಗ ನನ್ನಾಕೆ ಡ್ರಾಯರಿನಿಂದ ಒಂದು ಕಪ್ಪು ಕಡ್ಡಿ ತೆಗೆದು, "ಈ ಗುಜರಿ ಇನ್ನೂ ಯಾಕ ಇಟ್ಟೀರಿ?" ಎಂದಳು. ಗುಜರಿಯೇ ಅದು, ಸುಳ್ಳಲ್ಲ. ಪ್ರೀಮಿಯರ್ ಪದ್ಮಿನಿ ಕಾರಿನ ಇಂಡಿಕೇಟರ್ ಸ್ವಿಚ್ಚು. ಬುಡದಲ್ಲಿ ಮೂರು ವೈರು ಇನ್ನೂ ನೇತಾಡುತ್ತಿವೆ. ಆದರೆ ಈ ಕಡ್ಡಿ ನಾಲ್ಕು ವರ್ಷ ಹದಿನೆಂಟು ಚಕ್ರದ ಟ್ರೈಲರ್ ಒಂದರ ಗೇರ್ ಬದಲಿಸಿದೆ. ತೋರಣಗಲ್ಲಿನಿಂದ ಕಳಂಬೋಲಿಗೆ ಉಕ್ಕಿನ ಕಾಯಿಲ್ ಹೊತ್ತು ತಂದಿದೆ. ಆ ಕಥೆ ಹೇಳಬೇಕೆಂದರೆ ಗೇರಿನ ಕಥೆಯನ್ನೇ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ಹುಬ್ಬಳ್ಳಿ ಕಡೆಯಿಂದ ಡೊಂಬಿವಲಿಗೆ ಬಂದದ್ದು 1979ರಲ್ಲಿ. ಎಂಐಡಿಸಿಯ ಪ್ಯಾಕಿಂಗ್ ಮಶೀನು ಮಾಡುವ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಶಿಯನ್. ಆಗ ಮುಂಬಯಿಯ ಟ್ಯಾಕ್ಸಿ ಹತ್ತಿದವನಿಗೆ ಮೊದಲು ಕಾಣುತ್ತಿದ್ದುದೇ ಕೈಗೇರು. ನೆಲದಲ್ಲಿ ಗೇರಿನ ಕೋಲಿಲ್ಲ, ಸ್ಟಿಯರಿಂಗ್ ಕಂಬಕ್ಕೆ ಅಂಟಿಕೊಂಡ ಒಂದು ಕಡ್ಡಿ. ಡ್ರೈವರ್ ಅದನ್ನು ಎತ್ತಿ, ಇಳಿಸಿ, ತನ್ನ ಕಡೆಗೆ ಎಳೆದು ಗೇರ್ ಹಾಕುತ್ತಿದ್ದ. ಊರಲ್ಲಿ ನೆಲದ ಕೋಲು ತಳ್ಳುವ ಲಾರಿಗಳನ್ನೇ ನೋಡಿದ್ದ ನನಗೆ ಇದೊಂದು ಕಣ್ಕಟ್ಟಿನಂತೆ ಕಂಡಿತ್ತು.

ಗೇರನ್ನು ಸ್ಟಿಯರಿಂಗ್ ಕಂಬಕ್ಕೆ ಹತ್ತಿಸುವ ಈ ಪದ್ಧತಿ ಜೋರಾಗಿ ಹಬ್ಬಿದ್ದು ಅಮೆರಿಕದ ಕಾರುಗಳಲ್ಲಿ, 1938-39ರ ಸುಮಾರಿಗೆ. ಕಾರಣ ಸರಳ: ನೆಲ ಖಾಲಿಯಾದರೆ ಮುಂದಿನ ಉದ್ದ ಸೀಟಿನಲ್ಲಿ ಮೂವರು ಕೂರಬಹುದು. ಯುದ್ಧದ ನಂತರ ಇಟಲಿಯ ಫಿಯೆಟ್ 1100ಕ್ಕೂ ಅದು ಬಂತು. ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ 1950ರ ದಶಕದಲ್ಲಿ ಆ ಕಾರನ್ನೇ ಕೈಗೆತ್ತಿಕೊಂಡಿತು. 70ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರಾಯಿತು. ಇಲ್ಲಿ ನಮ್ಮ ಕಡೆಯ ಎಳೆಯೊಂದಿದೆ. ಭಾರತದಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲೇ ಯೋಜನೆ ಹಿಡಿದು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಆ ಆಸೆಯ ಬೆನ್ನು ಹತ್ತಿದ ವಾಲಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಹುಟ್ಟುಹಾಕಿದರು. ಅದಕ್ಕೂ ಮೊದಲು, 1940ರ ಡಿಸೆಂಬರಿನಲ್ಲಿ, ಮೈಸೂರು ಸರಕಾರದ ಜತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುಮಾಡಿದವರೂ ಅವರೇ. ಇಂದಿನ ಎಚ್‌ಎಎಲ್. ಕುರ್ಲಾ ಲೋಕಲಿನಲ್ಲಿ ಜೋತುಬಿದ್ದು ಹೋಗುವಾಗೆಲ್ಲ ನನಗೆ ಮೈಸೂರು ಪೇಟದ ಆ ಮುದುಕರು ನೆನಪಾಗುತ್ತಿದ್ದರು.

ಕೈಗೇರಿನ ರೋಗವೂ ಎಲ್ಲರಿಗೂ ಗೊತ್ತಿದ್ದದ್ದೇ. ಕಡ್ಡಿ ಮೇಲೆ, ಗೇರ್ ಪೆಟ್ಟಿಗೆ ಕೆಳಗೆ. ನಡುವೆ ರಾಡು, ಬುಶ್ಶು, ಕೀಲು. ಬುಶ್ ಸವೆದರೆ ನಡುರಸ್ತೆಯಲ್ಲೇ ಗೇರ್ ಸಿಕ್ಕಿಕೊಳ್ಳುವುದು. ಡ್ರೈವರ್ ಇಳಿದು ಬಾನೆಟ್ ಎತ್ತಿ, ಕೈ ಹಾಕಿ ರಾಡನ್ನೊಮ್ಮೆ ಜಗ್ಗಿ, ಏನೂ ಆಗದವನಂತೆ ಬಂದು ಕೂರುವನು. 1985ರಲ್ಲಿ ಅದೇ ಕಂಪನಿಯ 118ಎನ್‌ಇ ನೆಲದ ಗೇರಿನೊಂದಿಗೆ ಬಂತು. ಅದಕ್ಕೆ ಮೊದಲೇ, 1983ರ ಮಾರುತಿ ಎಲ್ಲರ ಅಭ್ಯಾಸ ಬದಲಿಸತೊಡಗಿತ್ತು. ನಮ್ಮ ಡೊಂಬಿವಲಿ-ಕಲ್ಯಾಣದ ನಡುವಿನ ಕಾರ್ಖಾನೆಯಲ್ಲಿ ಇದೇ ಪ್ರೀಮಿಯರಿನವರು 90ರ ದಶಕದಲ್ಲಿ ಪೂಜೋ 309 ಕಾರು ಮಾಡಿದಾಗ ಕೈಗೇರನ್ನು ಕೇಳುವವರೇ ಇರಲಿಲ್ಲ. ಆ ಪೂಜೋ ಕೂಡ ಬಹಳ ದಿನ ಬಾಳಲಿಲ್ಲ, ಅದು ಬೇರೆ ಮಾತು.

ಇನ್ನು ಲಾರಿ. 1954ರಲ್ಲಿ ಜಮ್ಶೆಡ್‌ಪುರದಿಂದ ಟಾಟಾ-ಮರ್ಸಿಡಿಸ್ ಲಾರಿ ಹೊರಟಿತಲ್ಲ, ಅಂದಿನಿಂದ ನಮ್ಮ ಲಾರಿ ಡ್ರೈವರನ ಎಡಗೈಗೆ ಬಿಡುವಿಲ್ಲ. ಉದ್ದನೆಯ ಕೋಲು, ಡಬಲ್ ಕ್ಲಚ್ಚು, ಘಾಟ್ ಬಂತೆಂದರೆ ನಿಮಿಷಕ್ಕೊಮ್ಮೆ ಬದಲಾವಣೆ. ಭಾರ ಹೆಚ್ಚಿದಂತೆ ಗೇರುಗಳೂ ಹೆಚ್ಚಬೇಕು. ಆದರೆ ಒಂದೇ ಕೋಲಿಗೆ ಎಷ್ಟು ಮನೆ ಕೊಡಲು ಸಾಧ್ಯ? ಅಮೆರಿಕದಲ್ಲಿ ಹಿಂದೆ ಎರಡು ಕೋಲು ಇರುತ್ತಿದ್ದವಂತೆ. ಎರಡನ್ನೂ ಒಟ್ಟಿಗೆ ಬದಲಿಸಲು ಡ್ರೈವರ್ ಒಂದು ತೋಳನ್ನು ಸ್ಟಿಯರಿಂಗ್ ಚಕ್ರದೊಳಗೆ ತೂರಿಸಿ ಹಿಡಿಯುತ್ತಿದ್ದ. ಚಕ್ರ ಒದ್ದರೆ ತೋಳು ಮುರಿಯಿತೆಂದೇ ಲೆಕ್ಕ. 1950ರ ದಶಕದಲ್ಲಿ ಫುಲ್ಲರ್ ಕಂಪನಿಯ ರೋಡ್‌ರೇಂಜರ್ ಪೆಟ್ಟಿಗೆ ಎರಡನೆಯ ಕೋಲನ್ನು ತೆಗೆದುಹಾಕಿ, ಮೊದಲ ಕೋಲಿನ ಗುಂಡಿಗೇ ಒಂದು ಗಾಳಿಯ ಸ್ವಿಚ್ ಕೂರಿಸಿತು. ಸ್ವಿಚ್ ಕೆಳಗಿದ್ದರೆ ಲೋ, ಎತ್ತಿದರೆ ಹೈ. ಕೋಲಿನ ಮನೆಗಳು ಅವೇ, ಗೇರು ಮಾತ್ರ ದುಪ್ಪಟ್ಟು. ಸ್ವಿಚ್ ಒತ್ತಿದ ಕೂಡಲೇ ಏನೂ ಆಗುವುದಿಲ್ಲ. ಕೋಲು ನ್ಯೂಟ್ರಲ್ ದಾಟುವಾಗ ಪೆಟ್ಟಿಗೆ ಆ ಮಾತು ಪಾಲಿಸುತ್ತದೆ. ಲಂಡನ್ನಿನ ಹಳೆಯ ಆರ್‌ಟಿ ಡಬಲ್ ಡೆಕ್ಕರಿನಲ್ಲೂ ಸ್ಟಿಯರಿಂಗ್ ಕೆಳಗಿನ ಪುಟ್ಟ ಕಡ್ಡಿಯಲ್ಲಿ ಮುಂದಿನ ಗೇರನ್ನು ಮೊದಲೇ ಹೇಳಿಟ್ಟು, ಬೇಕಾದಾಗ ಪೆಡಲ್ ಒತ್ತುತ್ತಿದ್ದರು.

2012ರಲ್ಲಿ ಕೊಪ್ಪಳದ ಕಡೆಯ ಒಬ್ಬ ಡ್ರೈವರ್ ನನ್ನನ್ನು ಹುಡುಕಿಕೊಂಡು ಬಂದ. ಟ್ರೈಲರ್ ಅವನದ್ದೇ, ಸಾಲದ ಮೇಲೆ. ಕಾಯಿಲಿಗೆ ಸರಪಳಿ ಬಿಗಿಯುವಾಗ ಎಡಗೈಯ ಎರಡು ಬೆರಳು ಹೋಗಿದ್ದವು, ತೋರುಬೆರಳು ಮತ್ತು ನಡುಬೆರಳು. ಅಂಗೈಯಿಂದ ಕೋಲು ತಳ್ಳುತ್ತಾನೆ, ಎಳೆಯುತ್ತಾನೆ. ಆದರೆ ಗುಂಡಿಯ ಮುಂದಿನ ಹೈ-ಲೋ ಸ್ವಿಚ್ಚನ್ನು ಎತ್ತಲು ಬೆರಳೇ ಇಲ್ಲ. ಖಂಡಾಲಾ ಘಾಟಿನಲ್ಲಿ ಸ್ಟಿಯರಿಂಗ್ ಬಿಟ್ಟು ಬಲಗೈಯನ್ನು ಅಡ್ಡ ತಂದು ಅದನ್ನು ಎತ್ತುತ್ತಿದ್ದನಂತೆ. ಕೇಳಿಯೇ ನನ್ನ ಮೈ ಬೆವರಿತು.

"ಅಣ್ಣಾರ, ಬಲಗೈ ಹೆಬ್ಬಟ್ಟು ಸುಮ್ನ ಕುಂತೈತಿ. ಅದಕ್ಕೊಂದು ಕೆಲಸ ಕೊಡ್ರಿ. ಸ್ಟಿಯರಿಂಗಿನ ಮ್ಯಾಲೆ ಒಂದು ಬಟನ್ ಹಾಕಿಕೊಡ್ರಿ."

ಗಾಳಿಯ ಭಾಗ ನನಗೆ ಕಷ್ಟವಿರಲಿಲ್ಲ. ಪ್ಯಾಕಿಂಗ್ ಮಶೀನುಗಳಲ್ಲಿ ಅದೇ ಕೆಲಸ. ಗುಂಡಿಯ ಸ್ವಿಚ್ಚಿನ ಜಾಗದಲ್ಲಿ ಒಂದು ಸೋಲೆನಾಯ್ಡ್ ವಾಲ್ವು, ಲಾರಿಯ 24 ವೋಲ್ಟಿನದು. ಯೋಚಿಸಬೇಕಾದದ್ದು ಒಂದೇ: ಇಳಿಜಾರಿನಲ್ಲಿ ವೈರು ಕಿತ್ತರೆ ಏನಾಗುತ್ತದೆ? ಒಂದೇ ಕಾಯಿಲಿನ ವಾಲ್ವಾದರೆ ಕರೆಂಟು ಹೋದೊಡನೆ ಸ್ಪ್ರಿಂಗು ಅದನ್ನು ಮರಳಿ ತಳ್ಳುತ್ತದೆ. ಡ್ರೈವರ್ ಹೈ ಎಂದುಕೊಂಡು ಗೇರ್ ಬದಲಿಸುವಾಗ ಪೆಟ್ಟಿಗೆ ಲೋಗೆ ಬಿದ್ದರೆ ಎಂಜಿನ್ ಕಿರುಚಿ ಪುಡಿಯಾದೀತು, ಇಲ್ಲವೆ ಗೇರೇ ಬೀಳದೆ ಭಾರದ ಗಾಡಿ ಘಾಟಿನಲ್ಲಿ ಜಾರೀತು. ಹಾಗಾಗಿ ಎರಡು ಕಾಯಿಲಿನ ವಾಲ್ವು ಹಾಕಿದೆ. ಒಂದು ಹೈಗೆ, ಒಂದು ಲೋಗೆ. ಕರೆಂಟು ಹೋದರೆ ಇದ್ದಲ್ಲೇ ನಿಲ್ಲುತ್ತದೆ.

ಸೋತದ್ದು ನಾನು ಸುಲಭವೆಂದುಕೊಂಡ ಕಡೆ. ಚಕ್ರದ ಮೇಲೆ ಬಟನ್. ಹಾರ್ನ್ ಇದೆಯಲ್ಲ, ಅದರ ಹಾಗೆ ಎಂದು ನಾನು ತಿಳಿದಿದ್ದೆ. ಆದರೆ ಹಾರ್ನಿಗೆ ಒಂದೇ ವೈರು ಸಾಕು. ತಿರುಗುವ ಹಿತ್ತಾಳೆ ಬಳೆಗೆ ಒಂದು ಮೊಳೆಯೋ ಬ್ರಶ್ಶೋ ಉಜ್ಜುತ್ತಿದ್ದರಾಯಿತು. ನನಗೆ ಬೇಕಿದ್ದದ್ದು ಮೂರು ವೈರು. ಸುರುಳಿ ವೈರು ಬಿಟ್ಟು ನೋಡಿದೆ. ಕಳಂಬೋಲಿಯ ಪಾರ್ಕಿಂಗಿನಲ್ಲಿ ಅವನು ಗಾಡಿ ಹಿಂದೆ ತೆಗೆಯಲು ಚಕ್ರವನ್ನು ಪೂರ್ತಿ ಸುತ್ತಿದ. ಮೂರನೆಯ ಸುತ್ತಿಗೆ ವೈರು ಕಂಬಕ್ಕೆ ನುಲಿದುಕೊಂಡು ಪಟ್ಟನೆ ಕಿತ್ತಿತು. ಏರ್‌ಬ್ಯಾಗ್ ಇರುವ ಕಾರಿನ ಸುರುಳಿ ಪಟ್ಟಿ ತಂದು ಹಾಕಿದೆ. ಅದು ಕಾರಿನ ಸುತ್ತಿಗೆ ಅಳತೆ ಮಾಡಿದ್ದು, ಲಾರಿಯ ಚಕ್ರ ಅದಕ್ಕಿಂತ ಹೆಚ್ಚು ಸುತ್ತುತ್ತದೆ. ಅದೂ ಹರಿಯಿತು.

ಇದೇ ಗುಂಡಿಯಲ್ಲಿ ದೊಡ್ಡವರೂ ಬಿದ್ದಿದ್ದಾರೆಂದು ಆಮೇಲೆ ಓದಿ ತಿಳಿಯಿತು. ಫೋರ್ಡ್ ಕಂಪನಿಯ 1958ರ ಎಡ್ಸೆಲ್ ಕಾರಿನಲ್ಲಿ ಗೇರಿನ ಬಟನ್ನುಗಳು ಸ್ಟಿಯರಿಂಗಿನ ನಟ್ಟನಡುವೆ ಇದ್ದವು, ಟೆಲಿಟಚ್ ಎಂದು ಹೆಸರು. ಚಕ್ರ ತಿರುಗಿದರೂ ಬಟನ್ನು ತಿರುಗದಂತೆ ಒಳಗೆ ಹಲ್ಲುಚಕ್ರಗಳ ಒಂದು ಸಂಸಾರವನ್ನೇ ಕೂರಿಸಿದ್ದರು. ಹಾರ್ನ್ ಇರಬೇಕಾದ ಜಾಗದಲ್ಲಿ ಗೇರು! ಕೆಟ್ಟೂ ಕೆಡುತ್ತಿತ್ತು. ಮರುವರ್ಷದ ಮಾಡೆಲಿನಲ್ಲಿ ತೆಗೆದುಹಾಕಿದರು. 1989ರಲ್ಲಿ ಜಾನ್ ಬರ್ನಾರ್ಡ್ ರೂಪಿಸಿದ ಫೆರಾರಿ ರೇಸ್ ಕಾರಿನಲ್ಲಿ ಗೇರಿನ ಪಟ್ಟಿಗಳು ಚಕ್ರದ ಬೆನ್ನಿಗೇ ಬಂದವು. ಬ್ರೆಜಿಲಿನ ಮೊದಲ ಓಟದಲ್ಲೇ ನೈಜೆಲ್ ಮ್ಯಾನ್ಸೆಲ್ ಗೆದ್ದ, ಅದೂ ನಡುವೆ ನಿಂತು ಸ್ಟಿಯರಿಂಗ್ ಚಕ್ರವನ್ನೇ ಬದಲಿಸಿಕೊಂಡು. ಆದರೆ ರೇಸ್ ಕಾರಿನ ಚಕ್ರ ಸುತ್ತುವುದೇ ಕಡಿಮೆ. ಹದಿನೆಂಟು ಚಕ್ರದ ಗಾಡಿಯನ್ನು ಸ್ಟೀಲ್ ಮಾರ್ಕೆಟ್ಟಿನ ಸಂದಿಯಲ್ಲಿ ತಿರುಗಿಸುವ ಕಷ್ಟ ಫೆರಾರಿಗೆ ಎಲ್ಲಿಂದ ತಿಳಿಯಬೇಕು.

ಕೊನೆಗೆ ಹೊಳೆದದ್ದು ಅದೇ ಮುದಿ ಪದ್ಮಿನಿ. ಕಂಬ ತಿರುಗುವುದಿಲ್ಲ, ಚಕ್ರ ಮಾತ್ರ ತಿರುಗುತ್ತದೆ; ಕೈಗೇರು ಇದ್ದದ್ದು ಕಂಬದ ಮೇಲೆ. ಕುರ್ಲಾದ ಸಿಎಸ್‌ಟಿ ರೋಡಿನ ಹಳೇ ಸಾಮಾನಿನ ಅಂಗಡಿಯಿಂದ ಪದ್ಮಿನಿಯ ಇಂಡಿಕೇಟರ್ ಕಡ್ಡಿ ತಂದು ಕಂಬದ ಬಲಕ್ಕೆ ಬಿಗಿದೆ. ಮೇಲೆತ್ತಿದರೆ ಹೈ, ಇಳಿಸಿದರೆ ಲೋ, ನಡುವೆ ಬಿಟ್ಟರೆ ಏನಿಲ್ಲ. ಯಾವುದರಲ್ಲಿದೆ ಎಂದು ತಿಳಿಯಲು ಡ್ಯಾಶ್‌ಬೋರ್ಡಿನಲ್ಲಿ ಒಂದು ಹಸಿರು ದೀಪ. ದೀಪದ ವೈರನ್ನು ಕಡ್ಡಿಗೆ ಕೊಡದೆ ಗಾಳಿಯ ಕೊಳವೆಗೆ ಹಾಕಿದ ಪ್ರೆಶರ್ ಸ್ವಿಚ್ಚಿಗೆ ಕೊಟ್ಟೆ. ಕೈ ಹೇಳಿದ್ದಲ್ಲ, ಕೊಳವೆಯಲ್ಲಿ ನಿಜವಾಗಿ ಹೋದ ಗಾಳಿ ಏನೆಂದು ಅದು ಹೇಳಬೇಕಲ್ಲ. ಮೊದಲ ಸಲ ಖಾಲಿ ಗಾಡಿಯಲ್ಲಿ ನಾನೂ ಕೂತು ಖಂಡಾಲಾದವರೆಗೆ ಹೋಗಿಬಂದೆ. ಅವನು ಮಾತಾಡಲಿಲ್ಲ. ಘಾಟು ಇಳಿದ ಮೇಲೆ ಬಲಗೈಯಿಂದಲೇ ಮೀಸೆ ಒರೆಸಿಕೊಂಡ.

ಇದು ಕಾನೂನಿಗೆ ಸರಿಯೆ? ಅಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಕಂಪನಿಯ ನಮೂದು ಮೀರಿ ಗಾಡಿ ಬದಲಿಸುವುದನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಂಗವಿಕಲರಿಗಾಗಿ ಬದಲಿಸಿದ ಗಾಡಿಗೆ ಅಡಾಪ್ಟೆಡ್ ವೆಹಿಕಲ್ ಎಂಬ ಮಾತು ಕಾಯಿದೆಯೊಳಗೆ ಬಂತು. ಆದರೆ ನನ್ನ ಗೆಳೆಯನ ಭಯ ಗಾಡಿಯದ್ದಲ್ಲ, ಕೈಯದ್ದು. "ಡಾಕ್ಟರು ಕೈ ತೋರಸು ಅಂದ್ರ ಲೈಸೆನ್ಸ್ ಹೋತು. ಲೈಸೆನ್ಸ್ ಹೋತಂದ್ರ ಗಾಡಿ ಹೋತು, ಗಾಡಿ ಹೋದ್ರ ಮನಿ." ಪ್ರತಿ ವರ್ಷ ಪಾಸಿಂಗಿನ ಹಿಂದಿನ ದಿನ ಕಡ್ಡಿ ಬಿಚ್ಚಿ, ಹಳೆಯ ಗುಂಡಿ ಹಾಕಿ, ಪಾಸಿಂಗ್ ಆದ ಸಂಜೆ ಮತ್ತೆ ಜೋಡಿಸುತ್ತಿದ್ದೆವು. ನಾನು ಮಾಡಿದ್ದು ಸರಿಯೆಂದು ಇವತ್ತಿಗೂ ಎದೆ ತಟ್ಟಿ ಹೇಳಲಾರೆ. ಆ ನಾಲ್ಕು ವರ್ಷ ರಾತ್ರಿ ಹತ್ತರ ನಂತರ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ಬಲಗೈ ಅಡ್ಡ ತರುವ ಆಟವನ್ನು ಮುಂದುವರಿಸಲು ಬಿಟ್ಟಿದ್ದರೂ ಹಾಗೇ ಅನ್ನುತ್ತಿತ್ತೇನೋ.

2016ರಲ್ಲಿ ಸಾಲ ತೀರಿಸಿ ಟ್ರೈಲರ್ ಮಾರಿದ. ಕಡ್ಡಿ ಬಿಚ್ಚಿ ತಂದು, ಜತೆಗೆ ಊರಿನ ಒಂದು ಚೀಲ ಜೋಳವಿಟ್ಟು ಹೋದ. 2003ರ ಅಕ್ಟೋಬರಿನಲ್ಲಿ ನೋಂದಾಯಿಸಿದ ಕೊನೆಯ ಪದ್ಮಿನಿ ಟ್ಯಾಕ್ಸಿಗೆ ಇಪ್ಪತ್ತು ವರ್ಷ ತುಂಬಿ, 2023ರ ಅಕ್ಟೋಬರಿನಲ್ಲಿ ಅದೂ ಮುಂಬಯಿಯ ರಸ್ತೆಯಿಂದ ಇಳಿಯಿತು. ಆ ಸುದ್ದಿ ಓದಿದ ದಿನ ನಾನೇ ಅವನಿಗೆ ಫೋನ್ ಮಾಡಿದೆ.

ಈಗ ಮಗ ಲಾರಿ ನಡೆಸುತ್ತಾನೆ. ಹೊಸ ಗಾಡಿ, ಕ್ಲಚ್ಚಿನ ಪೆಡಲೇ ಇಲ್ಲವಂತೆ. ಗೇರಿಗೆ ಸ್ಟಿಯರಿಂಗ್ ಕಂಬದ ಪಕ್ಕ ಒಂದು ಕಡ್ಡಿ.

"ನಿಮ್ಮದ ಇದ್ದಂಗ ಐತ್ರಿ ಅಣ್ಣಾರ," ಎಂದ. "ಖರೆ, ಕಂಪನಿಯವ್ರು ಎಡಗಡೆ ಹಾಕ್ಯಾರ."